ಡಿಎನ್‌ಎಸ್ ಝೋನ್ (ಡೊಮೇನ್ ಹೆಸರಿನ ವೆಬ್, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ರೆಕಾರ್ಡ್‌ಗಳ ಪಟ್ಟಿ) ಸೆಟ್ಟಿಂಗ್ ಎಐ ಏಜೆಂಟ್ ಕೈಗೆ ಕೊಟ್ಟವರು ಇದ್ದೀರಾ? ಅನುಭವ ಹೇಳಿ

ಶಿರಸಿ ಜೇನು: ನಮ್ಮದು ಜೇನು, ಮುರುಗಲು ಸಿರಪ್ ಮಾರುವ ಚಿಕ್ಕ ಆನ್‌ಲೈನ್ ಅಂಗಡಿ. ವೆಬ್‌ಸೈಟ್ ಬೇರೆ ಹೋಸ್ಟ್‌ಗೆ ಹೋಗಬೇಕು, ಮೇಲ್ ಈಗಿರುವ ಕಡೆಯೇ ಇರಬೇಕು. "ಏಜೆಂಟ್‌ಗೆ ಎಪಿಐ ಟೋಕನ್ (ಪ್ರೋಗ್ರಾಂ ಮೂಲಕ ಝೋನ್ ಬದಲಿಸುವ ಕೀಲಿ) ಕೊಡು, ಅದೇ ಎ ರೆಕಾರ್ಡ್ (ಸೈಟ್‌ನ ಐಪಿ ವಿಳಾಸ) ಬದಲಿಸುತ್ತೆ" ಅಂತಾನೆ ತಮ್ಮ. ಎಂಎಕ್ಸ್ (ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ರೆಕಾರ್ಡ್) ಮುಟ್ಟಬೇಡ ಅಂತ ಬರೆದರೆ ಸಾಕಾ?

ರಾತ್ರಿಪಾಳಿ: ಮೇಲ್ ಅಂದ್ರಲ್ಲ, ನನ್ನ ಕಥೆ ಕೇಳಿ. ನ್ಯೂಸ್‌ಲೆಟರ್ ಸರ್ವಿಸ್ ಒಂದಕ್ಕೆ ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅಂತ ಹೇಳುವ ಸಾಲು) ಸೇರಿಸು ಅಂದೆ. ಏಜೆಂಟ್ ಹಳೆಯದನ್ನು ಹಾಗೇ ಬಿಟ್ಟು ಎರಡನೇ ಟಿಎಕ್ಸ್‌ಟಿ ರೆಕಾರ್ಡ್ (ಎಸ್‌ಪಿಎಫ್ ಬರೆಯುವುದು ಇದರಲ್ಲೇ) ಹಾಕಿತು. ಒಂದು ಹೆಸರಿಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಲೆಕ್ಕಕ್ಕಿಲ್ಲ, ಪರ್ಮ್‌ಎರರ್ (ಶಾಶ್ವತ ದೋಷ). ಆಮೇಲೆ ಅದನ್ನೇ ಹೇಳಿದೆ, ಎರಡನ್ನೂ ಒಂದು ಸಾಲಿಗೆ ಸೇರಿಸಿತು. ಅಲ್ಲಿಗೆ ಎಸ್‌ಪಿಎಫ್ ನೋಡುವಾಗಿನ 10 ಡಿಎನ್‌ಎಸ್ ಲುಕಪ್ (ಹುಡುಕಾಟ) ಮಿತಿ ದಾಟಿತು. ಮತ್ತೆ ಪರ್ಮ್‌ಎರರ್! ಬಿಲ್‌ಗಳೆಲ್ಲ ಸ್ಪ್ಯಾಮ್‌ಗೆ. ಒಬ್ಬ ಡೀಲರ್ ಬಿಲ್ ಬಂದಿಲ್ಲ ಅಂತ 1,80,000 ರೂಪಾಯಿ ಹಿಡಿದಿಟ್ಟ. ಸರಿಮಾಡಿಸಲು ಒಬ್ಬರಿಗೆ 4,500 ಕೊಟ್ಟೆ, ಅವರು ಮಾಡಿದ್ದು ಬೇಡದ ಎರಡು ಇನ್‌ಕ್ಲೂಡ್ (ಬೇರೆ ಸರ್ವಿಸ್‌ನ ಎಸ್‌ಪಿಎಫ್ ಸೇರಿಸುವ ಭಾಗ) ಅಳಿಸಿದ್ದು ಅಷ್ಟೇ. ಅದಕ್ಕೂ ಜಿಎಸ್‌ಟಿ.

ಹಳೇ ಬೈಂಡ್: ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಇರಲಿಲ್ವಾ? ಇದ್ದಿದ್ದರೆ ಬರೀ ಎಸ್‌ಪಿಎಫ್ ಕೆಟ್ಟಿದ್ದಕ್ಕೆ ಇಷ್ಟು ಗೋಳು ಬರ್ತಿರಲಿಲ್ಲ. ನಾನು ಇಂದಿಗೂ ಝೋನ್ ಫೈಲ್ ಕೈಯಲ್ಲೇ ಬರೆಯುವವನು. ಸೀರಿಯಲ್ ನಂಬರ್ ತಾರೀಖಿನ ಪ್ರಕಾರ, ಹೆಸರಿನ ಕೊನೆಗೆ ಚುಕ್ಕಿ. ಚುಕ್ಕಿ ಬಿಟ್ಟರೆ ಡೊಮೇನ್ ಹೆಸರು ಎರಡು ಸಲ ಅಂಟಿಕೊಳ್ಳುತ್ತೆ. ಆಫೀಸಿನ ಹುಡುಗರು ತಂದ ಏಜೆಂಟ್ ಮೊನ್ನೆ ಡೊಮೇನ್‌ನ ಮೂಲ ಹೆಸರಿಗೇ ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್) ಹಾಕೋಣ ಅಂತು. ಅಲ್ಲಿ ಎಸ್‌ಒಎ, ಎನ್‌ಎಸ್ ಅನ್ನುವ ಕಡ್ಡಾಯ ರೆಕಾರ್ಡ್‌ಗಳು ಇದ್ದೇ ಇರ್ತವೆ. ಸಿನೇಮ್ ಇರುವ ಕಡೆ ಬೇರೆ ರೆಕಾರ್ಡ್ ಇರಬಾರದು ಅಂತ ಡಿಎನ್‌ಎಸ್ ನಿಯಮದ ದಾಖಲೆ, 1987ರ ಆರ್‌ಎಫ್‌ಸಿ 1034ರಲ್ಲೇ ಇದೆ. ಓದುವ ವ್ಯವಧಾನ ಯಾರಿಗಿದೆ?

ರಾತ್ರಿಪಾಳಿ: ಡಿಕೆಐಎಂ ಇರಲಿಲ್ಲ ಸ್ವಾಮಿ, ಆ ಸರ್ವಿಸ್‌ನವರು ಕೊಟ್ಟಿರಲಿಲ್ಲ. ಎಲ್ಲರೂ ನಿಮ್ಮ ಹಾಗೆ ಝೋನ್ ಫೈಲ್ ಜೊತೆಗೇ ಹುಟ್ಟಿರಲ್ಲ.

ಪ್ಲಾನ್ ಓದುವವ: ಇಬ್ಬರದ್ದೂ ಅತಿ ಆಯ್ತು. ನಾನು ಏಜೆಂಟ್‌ಗೆ ಬರೆಯುವ ಟೋಕನ್ ಕೊಡುವುದೇ ಇಲ್ಲ. ಅದು ಟೆರಾಫಾರ್ಮ್ (ಸೆಟ್ಟಿಂಗ್‌ಗಳನ್ನು ಕೋಡ್ ಆಗಿ ಬರೆಯುವ ಸಾಧನ) ಕೋಡ್ ಬರೆಯುತ್ತೆ, ಏನೇನು ಬದಲಾಗುತ್ತೆ ಅಂತ ತೋರಿಸುವ ಪ್ಲಾನ್ ನಾನು ಓದ್ತೀನಿ, ಜಾರಿ ಮಾಡುವ ಅಪ್ಲೈ ನಾನೇ ಒತ್ತೋದು. ಒಮ್ಮೆ ಪ್ಲಾನ್‌ನಲ್ಲಿ ಡಿಕೆಐಎಂ ಸಾಲಿನ ಪಕ್ಕ ಕೆಂಪು ಮೈನಸ್ ಕಂಡೆ. ಯಾಕೆ ಅಳಿಸ್ತೀಯಾ ಅಂದರೆ "ಈ ರೆಕಾರ್ಡ್ ಝೋನ್‌ನಲ್ಲಿ ಇಲ್ಲ" ಅಂತು. ಎಪಿಐ ಪಟ್ಟಿಯನ್ನು ಪುಟ ಪುಟವಾಗಿ ಕೊಡುತ್ತೆ. ಇದು ಮೊದಲ ಪುಟ ಓದಿ ಮುಗಿಸಿತ್ತು. ನೇರವಾಗಿ ಬಿಟ್ಟಿದ್ದರೆ ಅಂದೇ ಮೇಲ್ ಕಥೆ ಮುಗೀತಿತ್ತು.

ಹಳೇ ಬೈಂಡ್: ಕೊನೆಗೂ ಓದಿದ್ದು ಮನುಷ್ಯನೇ ತಾನೇ? ಮತ್ತೆ ಏಜೆಂಟ್ ಯಾಕೆ?

ಪ್ಲಾನ್ ಓದುವವ: ನಲವತ್ತು ಡೊಮೇನ್ ನೀವು ಕೈಯಲ್ಲಿ ಬರೀರಿ, ನಾನು ಆರಾಮಾಗಿ ಊಟ ಮಾಡ್ತೀನಿ.

ಕುಂದಾಪ್ರದ ಅಡ್ಮಿನ್: ಮಾರಾಯ್ರೆ, ನನ್ನದು ಇವೆಲ್ಲಕ್ಕಿಂತ ಕೆಟ್ಟದು. ಏಜೆಂಟ್ ನೇಮ್‌ಸರ್ವರ್ (ಝೋನ್ ಇಟ್ಟುಕೊಂಡು ಉತ್ತರ ಕೊಡುವ ಸರ್ವರ್) ಬದಲಿಸಿತು. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ವ್ಯವಸ್ಥೆ) ಆನ್ ಇತ್ತು. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಟ್ಟವರು) ಕಡೆ ಹಳೇ ಡಿಎಸ್ ರೆಕಾರ್ಡ್ (ಸಹಿಯ ಕೀ ಗುರುತಿಸುವುದು) ಹಾಗೇ ಉಳೀತು. ಹೊಸ ಕಡೆ ಕೀ ಬೇರೆ, ಸಹಿ ಪರೀಕ್ಷಿಸುವ ಕಡೆಯೆಲ್ಲ ಸರ್ವ್‌ಫೇಲ್ (ವಿಳಾಸವೇ ಸಿಗಲ್ಲ). ಏಜೆಂಟ್ ಹೊಸ ನೇಮ್‌ಸರ್ವರನ್ನೇ ಡಿಗ್ ಕಮಾಂಡ್‌ನಲ್ಲಿ ನೇರ ಕೇಳಿ "ಎಲ್ಲ ಸರಿಯಾಗಿದೆ" ಅಂತ ಹಸಿರು ಟಿಕ್ ಹಾಕಿತು. ಅಲ್ಲಿ ಕೇಳಿದರೆ ಉತ್ತರ ಬಂದೇ ಬರುತ್ತೆ! 8.8.8.8, 1.1.1.1 (ಗೂಗಲ್, ಕ್ಲೌಡ್‌ಫ್ಲೇರ್‌ನ ಸಾರ್ವಜನಿಕ ಡಿಎನ್‌ಎಸ್) ಎರಡೂ ಸಹಿ ಪರೀಕ್ಷಿಸುತ್ತವೆ, ಅಲ್ಲಿ ಕೇಳಬೇಕಿತ್ತು. ಒಬ್ಬ ಗಿರಾಕಿಗೆ ಸೈಟ್ ತೆರೆಯುತ್ತೆ, ಪಕ್ಕದವನಿಗೆ ಇಲ್ಲ. ಇಬ್ಬರೂ ನನಗೇ ಫೋನ್. ಡಿಎಸ್ ತೆಗೆಸಿದ ಮೇಲೂ ಕ್ಯಾಶ್ ಹೋಗುವ ತನಕ ಕಾಯಬೇಕು. ಬೇರೆಯವರ ಮಾತು ಬಿಡಿ, 2021ರ ಸೆಪ್ಟೆಂಬರ್ 30ರಂದು ಸ್ಲ್ಯಾಕ್‌ನಂಥ ಸ್ಲ್ಯಾಕೇ (ಆಫೀಸ್ ಚಾಟ್ ಆ್ಯಪ್) ಡಿಎನ್‌ಎಸ್‌ಸೆಕ್ ಹಾಕಲು ಹೋಗಿ ಬಿದ್ದಿತ್ತು.

ಪ್ಲಾನ್ ಓದುವವ: ಸ್ಲ್ಯಾಕ್ ಬಿದ್ದಾಗ ಏಜೆಂಟ್ ಎಲ್ಲಿತ್ತು ಸರ್? ಅದು ಮನುಷ್ಯರು ಮಾಡಿದ ಕೆಲಸ. ನಿಮ್ಮ ಪ್ರಾಂಪ್ಟ್‌ನಲ್ಲಿ ಡಿಎಸ್ ಸುದ್ದಿ ಇತ್ತಾ?

ಕುಂದಾಪ್ರದ ಅಡ್ಮಿನ್: ಪ್ರಾಂಪ್ಟ್‌ನಲ್ಲಿ ಎಲ್ಲ ನಾನೇ ಬರೀಬೇಕು ಅಂದ್ರೆ ಅದಕ್ಕೆ ತಿಂಗಳ ಚಂದಾ ಯಾಕೆ ಕಟ್ಟೋದು? ಸುಮ್ನೆ ಯಾರೋ ಮಾರಾಟಗಾರನ ಹಾಗೆ ಮಾತಾಡಬೇಡಿ.

ಡಾಟ್ ಭಾರತ: ನಂದು ಕನ್ನಡ ಲಿಪಿಯ .ಭಾರತ ಡೊಮೇನ್. ಝೋನ್‌ನಲ್ಲಿ ಅದನ್ನು ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರ, ಅಂಕಿಯಲ್ಲಿ ಬರೆದ) ರೂಪದಲ್ಲೇ ಕೊಡಬೇಕು. ಏಜೆಂಟ್ ತಾನೇ ಲೆಕ್ಕ ಹಾಕಿ ಒಂದು ರೂಪ ಬರೀತು. ನೋಡಲು ಸರಿಯಾಗೇ ಇತ್ತು, ಅಕ್ಷರ ಬೇರೆ! ಪರಿವರ್ತಕಕ್ಕೆ ಹಾಕಿ ನೋಡಿದ ಮೇಲೇ ಗೊತ್ತಾಗಿದ್ದು.

ಹಳೇ ಬೈಂಡ್: ಕನ್ನಡ ಡೊಮೇನ್‌ಗೆ ಯಾರು ಬರ್ತಾರೆ ಸರ್, ಟೈಪ್ ಮಾಡೋರೇ ಇಲ್ಲ.

ಡಾಟ್ ಭಾರತ: ನಿಮ್ಮಂಥವರು ಹೀಗೆ ಹೇಳ್ತಾ ಕೂತರೆ ಯಾರೂ ಬರಲ್ಲ.

ಶಿರಸಿ ಜೇನು: ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಎಂಎಕ್ಸ್ ಮುಟ್ಟಬೇಡ ಅಂತ ಬರೆದರೆ ಸಾಕಾ ಇಲ್ವಾ?

ಪ್ಲಾನ್ ಓದುವವ: ಸಾಕಾಗಲ್ಲ ಮೇಡಂ. ಬರೆದದ್ದು ವಿನಂತಿ, ಬೀಗ ಅಲ್ಲ. ಎಷ್ಟೋ ಕಡೆ ಟೋಕನ್ ಕೊಟ್ಟರೆ ಇಡೀ ಝೋನ್ ಕೊಟ್ಟ ಹಾಗೆ. ಆದರೆ ಅಮೆಜಾನ್‌ನ ಡಿಎನ್‌ಎಸ್ ಸೇವೆ ರೂಟ್ 53ರಲ್ಲಿ ಯಾವ ಹೆಸರು, ಯಾವ ಬಗೆಯ ರೆಕಾರ್ಡ್ ಬದಲಿಸಬಹುದು ಅಂತ ಐಎಎಮ್‌ನಲ್ಲಿ (ಅನುಮತಿ ಕೊಡುವ ವ್ಯವಸ್ಥೆ) ಕಟ್ಟಿಹಾಕಬಹುದು. ಎ ರೆಕಾರ್ಡಿಗೆ ಮಾತ್ರ ಅನುಮತಿ ಕೊಟ್ಟರೆ ಎಂಎಕ್ಸ್ ಮುಟ್ಟಲು ಅದಕ್ಕೆ ಆಗುವುದೇ ಇಲ್ಲ. ಝೋನ್‌ಗೆ ತಿಂಗಳಿಗೆ ಅರ್ಧ ಡಾಲರ್, ಕ್ವೆರಿಗೆ ಬೇರೆ.

ಹಳೇ ಬೈಂಡ್: ಒಂದು ಎ ರೆಕಾರ್ಡ್ ಬದಲಿಸೋಕೆ ಡಾಲರ್ ಬಿಲ್ಲು, ಐಎಎಮ್ ಪಾಲಿಸಿ! ಪ್ಯಾನೆಲ್ ತೆರೆದು ಐಪಿ ಟೈಪ್ ಮಾಡಿ ಸೇವ್ ಒತ್ತಿ ಮೇಡಂ.

ರಾತ್ರಿಪಾಳಿ: ಒತ್ತುವ ಮುಂಚೆ ಇಡೀ ಝೋನ್ ಎಕ್ಸ್‌ಪೋರ್ಟ್ ಮಾಡಿ ಫೈಲ್ ಇಟ್ಕೊಳ್ಳಿ. ಇವರು ಅದನ್ನ ಹೇಳಲ್ಲ.

ಹಳೇ ಬೈಂಡ್: ಅದು ಹೇಳುವ ವಿಷಯವೇನ್ರೀ?