ಜನರೇಟರ್ ಎಷ್ಟು ಕೆವಿಎ ಬೇಕಾಗುತ್ತೆ? ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ಮನೆಗೊಂದು ಪೋರ್ಟಬಲ್ ಜನರೇಟರ್ ತಗೊಳ್ಳಬೇಕು. ಅಮ್ಮನ ಇನ್ಸುಲಿನ್ ಫ್ರಿಜ್‌ನಲ್ಲಿರುತ್ತೆ, ಕರೆಂಟ್ ಹೋದ್ರೂ ಫ್ರಿಜ್ ಬಹಳ ಹೊತ್ತು ನಿಲ್ಲೋ ಹಾಗಿಲ್ಲ.

ಫ್ರಿಜ್ 150 ವ್ಯಾಟ್, ಎರಡು ಫ್ಯಾನ್ ಸೇರಿ 150, ಎಲ್‌ಇಡಿ ಬಲ್ಬ್‌ಗಳು 50. ತೊಂದರೆ ಕೊಡ್ತಿರೋದು ಅರ್ಧ ಎಚ್‌ಪಿ ಪಂಪ್. ಲೆಕ್ಕಕ್ಕೆ 373 ವ್ಯಾಟ್ ಅನ್ನಿಸಿದ್ರೂ ಅದು ಮೋಟಾರ್ ಹೊರಗೆ ಕೊಡೋ ಶಕ್ತಿ, ಒಳಗೆ ಎಳ್ಕೊಳ್ಳೋದು ಜಾಸ್ತಿ. ಸುಮಾರು 550 ಅಂತ ಹಿಡಿದಿದ್ದೀನಿ.

ಮೊನ್ನೆ ಸ್ನೇಹಿತರ 1 ಕೆವಿಎ ಜನರೇಟರ್ ತಂದು ನೋಡಿದೆ. ಫ್ರಿಜ್, ಫ್ಯಾನ್ ಚೆನ್ನಾಗೇ ಓಡಿದ್ವು. ಪಂಪ್ ಸ್ವಿಚ್ ಹಾಕಿದ ತಕ್ಷಣ ಬಲ್ಬ್ ಮಂಕಾಯ್ತು, ಮೋಟಾರ್ ಗುಂಯ್ ಅಂತು, ತಿರುಗಲೇ ಇಲ್ಲ. ಓವರ್‌ಲೋಡ್ ಕೆಂಪು ದೀಪ ಹತ್ತಿತು. ಕೂಡಲೇ ಆಫ್ ಮಾಡಿದೆ, ಇಲ್ದಿದ್ರೆ ಕಾಯಿಲ್ ಸುಟ್ಟೇ ಹೋಗ್ತಿತ್ತು.

ಮೋಟಾರ್ ಶುರುವಾಗೋವಾಗ ಮೂರು ಪಟ್ಟಾದ್ರೂ ಎಳೆಯುತ್ತಲ್ಲ, ಹಾಗಾಗಿ 1650, ಜೊತೆಗೆ ಉಳಿದ 350, ಒಟ್ಟು 2000 ವ್ಯಾಟ್. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಪಾಲು ನಿಜವಾಗಿ ವ್ಯಾಟ್ ಆಗಿ ಸಿಗುತ್ತೆ ಅನ್ನೋದು) 0.8 ಅಂದ್ರೆ 2000 ÷ 0.8, ಅಂದ್ರೆ 2.5 ಕೆವಿಎ. ಆದರೆ ಅದೇ ಗಳಿಗೆಗೆ ಫ್ರಿಜ್ ಕಂಪ್ರೆಸರ್ ಕೂಡ ಶುರುವಾದ್ರೆ? 3 ಕೆವಿಎಗೆ ಹೋಗೋದೇ ಸರಿನಾ, ಇಲ್ಲ ಪಂಪ್ ಹಾಕೋವಾಗ ಫ್ರಿಜ್ ಆಫ್ ಮಾಡಿ 2.5ರಲ್ಲೇ ಸುಧಾರಿಸಬಹುದಾ? ಇಂಥದ್ದೇ ಲೋಡ್ ಓಡಿಸ್ತಿರೋರು ದಯವಿಟ್ಟು ತಿಳಿಸಿ. ಹೊಗೆ ವಿಷ ಅಂತ ಗೊತ್ತು, ಹೊರಗಡೆ ಅಂಗಳದಲ್ಲೇ ಇಡ್ತೀನಿ. ಚೇಂಜ್‌ಓವರ್ ಸ್ವಿಚ್ (ಮನೆ ವೈರಿಂಗನ್ನ ಕರೆಂಟ್ ಲೈನ್‌ನಿಂದ ಜನರೇಟರ್‌ಗೆ ಬದಲಾಯಿಸೋದು) ಎಷ್ಟು ಆಂಪಿಯರ್‌ದು ಹಾಕಿಸಲಿ ಅನ್ನೋದನ್ನೂ ಹೇಳಿ.