ಬಯೋಚಾರ್ ಕ್ರೆಡಿಟ್: ‘ಒಂದು ಟನ್’ ಎಂಬ ಲೆಕ್ಕವನ್ನು ನಂಬುವುದು ಹೇಗೆ?

ಪ್ರಶ್ನೆ (ಸಿಂಧನೂರಿನಿಂದ)

ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಯನ್ನೂ ಹಳ್ಳದ ದಂಡೆಯ ಬಳ್ಳಾರಿ ಜಾಲಿಯನ್ನೂ ಹೊಲದ ಭಟ್ಟಿಯಲ್ಲಿ ಬಯೋಚಾರ್ (ಗಾಳಿ ಹೆಚ್ಚು ಸೋಕದಂತೆ ಸುಟ್ಟು ಮಾಡುವ ಇದ್ದಿಲು) ಮಾಡಿ ಮಣ್ಣಿಗೆ ಬೆರೆಸಿದರೆ, ಕಾರ್ಬನ್ ಕ್ರೆಡಿಟ್ (ವಾತಾವರಣದಿಂದ ಕಡಿಮೆಯಾದ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಮಾರಾಟದ ಹಣದಲ್ಲಿ ಪಾಲು ಕೊಡುವುದಾಗಿ ಒಂದು ಕಂಪನಿಯವರು ನಮ್ಮ ರೈತ ಉತ್ಪಾದಕ ಸಂಸ್ಥೆಗೆ ಹೇಳಿದ್ದಾರೆ. 2025ರ ಜನವರಿಯಲ್ಲಿ ಗೂಗಲ್, ಭಾರತದ ವರಾಹ ಕಂಪನಿಯಿಂದ 2030ರೊಳಗೆ ಒಂದು ಲಕ್ಷ ಟನ್ನಿನಷ್ಟು ಇಂತಹ ಕ್ರೆಡಿಟ್ ಕೊಳ್ಳಲು ಒಪ್ಪಿರುವುದರಿಂದ ಬೇಡಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ವಾತಾವರಣದಿಂದ ಒಂದು ಟನ್ ಇಂಗಾಲದ ಡೈಆಕ್ಸೈಡ್ ನಿಜಕ್ಕೂ ಕಡಿಮೆಯಾಗಿದೆ ಎಂದು ಯಾರು, ಯಾವ ಆಧಾರದ ಮೇಲೆ ಪ್ರಮಾಣೀಕರಿಸುತ್ತಾರೆ?

ಉತ್ತರ 1 (ಮಣ್ಣು ಪರೀಕ್ಷಾಲಯದಲ್ಲಿ ಕೆಲಸ)

ಸರ್, ಗಾಳಿಯನ್ನು ಯಾರೂ ಅಳೆಯುವುದಿಲ್ಲ. ಬಯೋಚಾರನ್ನು ತೂಗಿ, ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ತೇವಾಂಶ ಕಳೆದ ಒಂದು ಟನ್ ಬಯೋಚಾರಿನಲ್ಲಿ ಶೇ 80ರಷ್ಟು ಇಂಗಾಲವಿದ್ದರೆ, ಅದನ್ನು 44/12ರಿಂದ (ಇಂಗಾಲದ ಡೈಆಕ್ಸೈಡ್ ಮತ್ತು ಇಂಗಾಲದ ತೂಕಗಳ ಅನುಪಾತ) ಗುಣಿಸಿದಾಗ ಸುಮಾರು 2.9 ಟನ್ ಇಂಗಾಲದ ಡೈಆಕ್ಸೈಡ್ ಎಂದಾಗುತ್ತದೆ. ಇದರಿಂದ ಸಾಗಾಟದ ಡೀಸೆಲ್, ಮುಂದೆ ಮಣ್ಣಿನಲ್ಲಿ ಕೊಳೆತುಹೋಗುವ ಅಂಶ, ಭಟ್ಟಿಯಿಂದ ಹೊರಬೀಳುವ ಮೀಥೇನ್ ಎಲ್ಲವನ್ನೂ ಕಳೆಯಬೇಕು. ಕೊಳೆಯುವ ಅಂಶವನ್ನು ಹೈಡ್ರೋಜನ್ ಮತ್ತು ಸಾವಯವ ಇಂಗಾಲದ ಪರಮಾಣುಗಳ ಅನುಪಾತದಿಂದ ಅಂದಾಜು ಮಾಡಬಹುದು, ಅದು 0.7ನ್ನು ಮೀರಿದರೆ ಪ್ರಮುಖ ಮಾನದಂಡಗಳು ಬಯೋಚಾರ್ ಎಂದೇ ಒಪ್ಪುವುದಿಲ್ಲ. ಕಗ್ಗಂಟಾಗಿರುವುದು ಮೀಥೇನ್. ಹಸಿ ಜಾಲಿಯನ್ನು ತುಂಬಿದರೆ ಉರಿ ಕುಗ್ಗಿ ಹೊಗೆ ಏಳುತ್ತದೆ, ಆ ಹೊಗೆಯ ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ.

ಉತ್ತರ 2 (ಪರಿಶೀಲನೆಯ ಕ್ಷೇತ್ರದಲ್ಲಿದ್ದವರು)

ಕಾರ್ಖಾನೆಯಾದರೆ ಲಾರಿ ತೂಗುವ ವೇಬ್ರಿಡ್ಜ್ ಇರುತ್ತದೆ, ಚಿಮಣಿಗೆ ಮಾಪಕವನ್ನೂ ಅಳವಡಿಸಬಹುದು. ಊರೂರಿನಲ್ಲಿ ಹರಡಿರುವ ನೂರಾರು ಭಟ್ಟಿಗಳಿಗೆ ಉಳಿಯುವುದು ಮೊಬೈಲ್ ಫೋಟೊ, ಜಿಪಿಎಸ್ ಗುರುತು ಮತ್ತು ಬುಟ್ಟಿಗಳ ಎಣಿಕೆ ಮಾತ್ರ. ಕ್ರೆಡಿಟ್‌ಗಳಿಗೆ ಮಾನದಂಡ ರೂಪಿಸುವ ವೆರಾ ಸಂಸ್ಥೆಯ ಬಯೋಚಾರ್ ವಿಧಾನವು ಇವೆರಡನ್ನೂ ಪ್ರತ್ಯೇಕ ವರ್ಗಗಳಾಗಿಯೇ ನೋಡುತ್ತದೆ. ಉತ್ಪಾದನೆಯನ್ನು ಹತ್ತು ಪಟ್ಟು ಹೆಚ್ಚಿಸುವುದಕ್ಕಿಂತ, ಹೆಚ್ಚಿದ ಮೇಲೂ ಪ್ರತಿ ಬುಟ್ಟಿಯ ಲೆಕ್ಕ ಕೊಡುವುದೇ ಕಷ್ಟ ಎಂಬುದು ನನ್ನ ಅಭಿಪ್ರಾಯ. ಮಣ್ಣಿಗೆ ಸೇರಬೇಕಾದದ್ದು ಇದ್ದಿಲಾಗಿ ಹೋಟೆಲಿನ ಒಲೆಗೆ ಹೋದರೆ ತೆಗೆದ ಇಂಗಾಲವೆಲ್ಲ ಮರಳಿ ಗಾಳಿಗೆ ಸೇರುತ್ತದೆ. ಇನ್ನೊಂದು ತೊಡಕೆಂದರೆ, ಈ ಲೆಕ್ಕವನ್ನು ತಪಾಸಣೆ ಮಾಡಿ ದೃಢೀಕರಿಸುವ ಹೊರಗಿನ ಪರಿಶೀಲಕರ ಶುಲ್ಕವನ್ನು ಸಾಮಾನ್ಯವಾಗಿ ಯೋಜನೆಯವರೇ ಭರಿಸುತ್ತಾರೆ. ಐಸೊಮೆಟ್ರಿಕ್ ಎಂಬ, ಕ್ರೆಡಿಟ್‌ಗಳನ್ನು ನೋಂದಾಯಿಸುವ ಸಂಸ್ಥೆಯು ಶುಲ್ಕವನ್ನು ಕೊಳ್ಳುವವರಿಂದ ಪಡೆಯುವ ಪದ್ಧತಿಯನ್ನು ಅನುಸರಿಸುತ್ತಿದ್ದು, ನನಗೆ ಅದೇ ಹೆಚ್ಚು ಸರಿಯೆನಿಸುತ್ತದೆ.

ಉತ್ತರ 3 (ಮಾನ್ವಿಯಿಂದ)

ನಮ್ಮ ಕಡೆ ಹತ್ತಿ ಕಟ್ಟಿಗೆ ಇಂದಿಗೂ ಅನೇಕ ಮನೆಗಳ ಉರುವಲು ಎಂಬುದನ್ನು ಮರೆಯಬಾರದು. ಅದನ್ನು ಭಟ್ಟಿಗೆ ಒಯ್ದ ಮೇಲೆ ಆ ಮನೆಯವರು ಬೇರೆಡೆ ಮರ ಕಡಿದರೆ ಆ ನಷ್ಟವನ್ನೂ ಕ್ರೆಡಿಟ್‌ನಿಂದ ಕಳೆಯಬೇಕಲ್ಲವೇ? ಬಯೋಚಾರ್ ಸಾಮಾನ್ಯವಾಗಿ ಕ್ಷಾರೀಯವಾಗಿರುವುದರಿಂದ ಮೊದಲೇ ಕ್ಷಾರದ ಗುಣವಿರುವ ನಮ್ಮ ಎರೆಭೂಮಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಸಹಿ ಹಾಕುವ ಮುನ್ನ ಯೋಜನೆಯ ನೋಂದಣಿ ಸಂಖ್ಯೆಯನ್ನೂ ಹಿಂದಿನ ಪರಿಶೀಲನಾ ವರದಿಯನ್ನೂ ಕೇಳಿ ಪಡೆಯಿರಿ, ಮಣ್ಣಿನ ರಸಸಾರವನ್ನು (ಪಿಎಚ್) ಕಂಪನಿಯ ಖರ್ಚಿನಲ್ಲಿಯೇ ಪರೀಕ್ಷಿಸಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿರಿ.