ಸಾರರಿಕ್ತ, ಸಾರೀಕೃತ, ಪ್ರಬಲ: ಆಸಿಡ್ ಬಾಟಲಿಯ ಮೇಲೆ ಏನು ಬರೆಯೋದು?

ಗೆಳೆಯರೆ,

ನಮ್ಮ ಹೈಸ್ಕೂಲ್ ಲ್ಯಾಬಿನ ಬಾಟಲಿಗಳಿಗೆಲ್ಲ ಹೊಸದಾಗಿ ಕನ್ನಡದ ಚೀಟಿ ಅಂಟಿಸುತ್ತಿದ್ದೇವೆ. ಸುಣ್ಣದ ತಿಳಿನೀರು, ಮೈಲುತುತ್ತ, ಅಡುಗೆ ಸೋಡ, ಇವಕ್ಕೆ ತೊಂದರೆ ಆಗಲಿಲ್ಲ. ಆಸಿಡ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆವು.

ಪಠ್ಯಪುಸ್ತಕದ ಪ್ರಕಾರ ನೀರು ಜಾಸ್ತಿ ಇರುವ ಆಸಿಡ್ ‘ಸಾರರಿಕ್ತ’, ನೀರು ಕಡಿಮೆ ಇರುವುದು ‘ಸಾರೀಕೃತ’. ಪರೀಕ್ಷೆಯಲ್ಲಿ ಬರೆಯಲು ಇವು ಸಾಕು. ಚೀಟಿಯ ಮೇಲೆ ಬೇಡ ಅನ್ನೋದು ನನ್ನ ವಾದ. ಎರಡೂ ‘ಸಾರ’ ಅಂತಲೇ ಶುರುವಾಗುತ್ತವೆ. ಆಸಿಡ್ ಹೊಗೆಗೆ ಶಾಯಿ ಮಾಸುತ್ತದೆ, ಕಾಗದದ ಅಂಚು ಹೋಗುತ್ತದೆ. ‘ಸಾರ’ ಮಾತ್ರ ಉಳಿದರೆ ಒಳಗಿರುವುದು ನೂರಕ್ಕೆ 98ರಷ್ಟು ಸಲ್ಫ್ಯೂರಿಕ್ ಆಮ್ಲವೋ, 10ರಷ್ಟೋ, ಹೇಗೆ ಹೇಳೋದು? ಎರಡಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ.

‘ರಿಕ್ತ’ ಅಂದರೆ ಖಾಲಿ. ಅದೂ ನನಗೆ ಹಿಡಿಸಿಲ್ಲ. ಸಾರ ಖಾಲಿಯಾದದ್ದು ಅಂತ ಓದಿದ ಹುಡುಗ ಅದನ್ನು ಹಗುರವಾಗಿ ನೋಡುತ್ತಾನೆ. ಆದರೆ ಸಲ್ಫ್ಯೂರಿಕ್ ಆಮ್ಲ ನೀರಿನ ಹಾಗೆ ಆರಿ ಹೋಗುವುದಿಲ್ಲ. ಯೂನಿಫಾರಂ ಮೇಲೆ ಒಂದು ಹನಿ ಬಿದ್ದರೆ ಅದರಲ್ಲಿನ ನೀರು ಆರುತ್ತದೆ, ಆಮ್ಲ ಅಲ್ಲೇ ಕೂರುತ್ತದೆ, ಹೊತ್ತು ಹೋದಂತೆ ಅದರ ಸಾರ ಹೆಚ್ಚುತ್ತದೆ. ಆಮೇಲೆ ಬಟ್ಟೆ ಒಗೆದಾಗ ತೂತು ಕಾಣಿಸುತ್ತದೆ. ಖಾಲಿ ಅಂತ ಹೆಸರಿಟ್ಟ ಪದಾರ್ಥ ಮಾಡುವ ಕೆಲಸ ಇದು!

ಕೆಲವರು ಸಾರೀಕೃತಕ್ಕೆ ಬದಲು ‘ಪ್ರಬಲ’ ಅಂತ ಬರೆಯುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಪದ ಇದೇ. ಹೋಟೆಲಿನಲ್ಲಿ ‘ಸ್ಟ್ರಾಂಗ್ ಕಾಫಿ’ ಅಂದರೆ ಡಿಕಾಕ್ಷನ್ ಜಾಸ್ತಿ ಅಂತ. ರಸಾಯನಶಾಸ್ತ್ರದಲ್ಲಿ ಹಾಗಲ್ಲ. ಅಲ್ಲಿ ಪ್ರಬಲ, ದುರ್ಬಲ ಅನ್ನೋದು ಆಮ್ಲದ ಜಾತಿ, ಅದು ನೀರಿನಲ್ಲಿ ಎಷ್ಟರ ಮಟ್ಟಿಗೆ ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಕಣಗಳಾಗಿ, ಒಡೆಯುತ್ತದೆ ಅನ್ನೋದರ ಲೆಕ್ಕ. ಬಾಟಲಿಯಲ್ಲಿ ನೀರೆಷ್ಟಿದೆ ಅನ್ನೋದು ಬೇರೆಯೇ ಮಾತು. ಹೈಡ್ರೋಕ್ಲೋರಿಕ್ ಎಷ್ಟು ನೀರು ಬೆರೆತರೂ ಪ್ರಬಲವೇ. ಅಸಿಟಿಕ್ ದುರ್ಬಲ. ವಿನೆಗರ್‌ನಲ್ಲಿ ಇರುವುದು ಅದೇ. ಆದರೆ ನೀರೇ ಇಲ್ಲದ ಗ್ಲೇಸಿಯಲ್ ಅಸಿಟಿಕ್ ಆಮ್ಲ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ‘ದುರ್ಬಲ’ ಅಂತ ಓದಿಕೊಂಡವರು ಅದಕ್ಕೆ ಕೈಗವಸು ಹಾಕುತ್ತಾರಾ?

‘ಸಾಂದ್ರ’ ಅನ್ನೋಣ ಅಂದರೆ ನಮ್ಮ ಭೌತಶಾಸ್ತ್ರದಲ್ಲಿ ಸಾಂದ್ರತೆಗೆ ಆಗಲೇ ಬೇರೆ ಅರ್ಥ (ಡೆನ್ಸಿಟಿ) ಇದೆ. ಹಿಂದಿಯವರು ಸಾಂದ್ರ, ತನು ಅಂತಾರೆ. ಕನ್ನಡದಲ್ಲಿ ತನು ಅಂದರೆ ಮೈ, ಅದು ಆಗೋದೇ ಇಲ್ಲ. ತೆಲುಗಿನವರು ‘ಗಾಢ’ ಅಂತಾರೆ, ಮಲಯಾಳಿಗಳೂ ಹಾಗೇ. ಇದು ನಮಗೂ ಒಗ್ಗುತ್ತದೆ. ಗಾಢ ಬಣ್ಣ ಅಂತೀವಲ್ಲ. ತಮಿಳಿನವರು ಅಡರ್, ನೀರ್‌ತ್ತ ಅಂತ ಬರೆಯುತ್ತಾರೆ. ಎರಡನೆಯದರಲ್ಲಿ ನೀರು ಕಾಣುತ್ತದೆ ನೋಡಿ. ಅದನ್ನು ನೋಡಿಯೇ ನಾನು ‘ನೀರು ಬೆರೆಸಿದ ಆಮ್ಲ’ ಅಂತ ಸೂಚಿಸಿದೆ.

ನಮ್ಮ ಲ್ಯಾಬ್ ಅಟೆಂಡರ್ ಕೂಡಲೇ ತಕರಾರು ತೆಗೆದರು: “ಸಾರ್, ಹಾಗೆ ಬರೆದರೆ ಮಕ್ಕಳು ಆಸಿಡ್ಡಿಗೆ ನೀರು ಸುರೀಬೇಕು ಅಂದ್ಕೋತಾರೆ.” ಮಾತು ಸರಿ. ಗಾಢ ಸಲ್ಫ್ಯೂರಿಕ್ ಆಮ್ಲ ನೀರಿಗಿಂತ ಹೆಚ್ಚುಕಡಿಮೆ 1.8 ಪಟ್ಟು ಭಾರ. ಮೇಲಿಂದ ನೀರು ಹೊಯ್ದರೆ ಅದು ಮೇಲೆಯೇ ನಿಂತು, ಬಿಸಿಗೆ ಕುದಿದು, ಆಮ್ಲವನ್ನೂ ಎಳೆದುಕೊಂಡು ಮುಖಕ್ಕೆ ಸಿಡಿಯುತ್ತದೆ. ಅದಕ್ಕೇ ನೀರಿಗೆ ಆಮ್ಲ, ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ. ಇಲ್ಲಿ ಕನ್ನಡದ ವಿಭಕ್ತಿ ಎಷ್ಟು ಮುಖ್ಯ ನೋಡಿ. ‘ನೀರಿಗೆ ಆಮ್ಲ’, ‘ಆಮ್ಲಕ್ಕೆ ನೀರು’, ಒಂದು ಪ್ರತ್ಯಯ ಜಾಗ ಬದಲಿಸಿದರೆ ಕಣ್ಣಿಗೇ ಕುತ್ತು. ‘ಆಮ್ಲವನ್ನು ನೀರಿನೊಂದಿಗೆ ಬೆರೆಸಿ’ ಅಂತ ಬರೆಯುವವರಂತೂ ಯಾವುದು ಮೊದಲು ಅಂತಲೇ ಹೇಳುವುದಿಲ್ಲ. ನನ್ನ ಕೈಯಲ್ಲಿ ಅಧಿಕಾರ ಇದ್ದರೆ ಲ್ಯಾಬ್ ಸೂಚನೆಗಳಲ್ಲಿ ಈ ‘ಒಂದಿಗೆ’ಯನ್ನೇ ನಿಷೇಧಿಸುತ್ತಿದ್ದೆ.

ಈಗ ಉಳಿದಿರುವುದು ಗಾಢ ಮತ್ತು ‘ತೆಳು’. ‘ಗಾಢ ಸಲ್ಫ್ಯೂರಿಕ್ ಆಮ್ಲ’, ‘ತೆಳು ಸಲ್ಫ್ಯೂರಿಕ್ ಆಮ್ಲ’. ಕೆಳಗೆ ನೂರಕ್ಕೆ ಎಷ್ಟು ಅಂತ ಅಂಕಿ. ಪಠ್ಯದ ಪದವನ್ನು ಸಣ್ಣ ಅಕ್ಷರದಲ್ಲಿ ಬರೆದರಾಯ್ತು, ಪರೀಕ್ಷೆಗೂ ಬೇಕಲ್ಲ. ‘ತೆಳು’ ಅಂದರೆ ಹಾಳೆ, ಬಟ್ಟೆ ನೆನಪಾಗುತ್ತದೆ ಅಂತ ಕನ್ನಡ ಮೇಡಂ ಹೇಳುತ್ತಾರೆ. ನನಗೇನೋ ಕಿವಿಗೆ ಸರಿಯಾಗಿಯೇ ಇದೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಹಳೆಯ ಕನ್ನಡ ಮಾಧ್ಯಮದ ರಸಾಯನಶಾಸ್ತ್ರ ಪುಸ್ತಕ ಇದ್ದವರು ಸಾರರಿಕ್ತಕ್ಕೆ ಬದಲಾಗಿ ಬೇರೆ ಪದ ಇದೆಯಾ ನೋಡಿ ಹೇಳುತ್ತೀರಾ? ಧಾರವಾಡ, ಮಂಗಳೂರು ಕಡೆಯ ಮೇಷ್ಟ್ರುಗಳು ಬಾಯಿಮಾತಿನಲ್ಲಿ ಏನಂತಾರೆ? ನಮ್ಮ ಕಡೆ ಎಲ್ಲರೂ ‘ಕಾನ್ಕ್’ (ಕಾನ್ಸಂಟ್ರೇಟೆಡ್), ‘ಡೈಲ್ಯೂಟ್’ ಅಂತಲೇ. ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದುಬಿಡಿ ಅನ್ನುವವರಿದ್ದರೆ ಅದನ್ನೂ ಹೇಳಿ, ಜಗಳವಾಡುವುದಿಲ್ಲ.